ಮಾಗಿಯ ಚಳಿಯಲ್ಲಿ ಕುಂಡದ ಅಂಜೂರ

ದೆಹಲಿಯ ಕನ್ನಡಿಗರ ಮನೆಗಳ ಮಹಡಿಯ ಮೇಲೆ ತುಳಸಿ, ಕರಿಬೇವು, ದೊಡ್ಡಪತ್ರೆಗಳ ನಡುವೆ ಒಂದು ಅಂಜೂರದ ಕುಂಡವೂ ಕಾಣಸಿಗುವುದುಂಟು. ಶ್ರೀರಂಗಪಟ್ಟಣದ ಕಡೆಯಿಂದಲೋ ಬಳ್ಳಾರಿಯ ಕಡೆಯಿಂದಲೋ ರಜೆಯಲ್ಲಿ ತಂದು ನೆಟ್ಟ ಕಡ್ಡಿಯೊಂದು ಬೇರೊಡೆದು ಗಿಡವಾಗಿರುತ್ತದೆ. ಅತ್ತಿ, ಆಲ, ಅರಳಿಗಳ ಕುಲಕ್ಕೆ ಸೇರಿದ ಈ ಗಿಡವು ಮಳೆಗಾಲದಲ್ಲಿ ಸೊಂಪಾಗಿ ಬೆಳೆದು, ಚಳಿ ಬಲಿತೊಡನೆ ಎಲೆಗಳನ್ನೆಲ್ಲ ಉದುರಿಸಿ ಬರಿಯ ಕಡ್ಡಿಯಾಗಿ ನಿಂತಾಗ ಮನೆಯವರಿಗೆ ದಿಗಿಲಾಗುವುದು ಸಹಜ.

ಕೆಲವರು ಅದು ಸತ್ತಿತೆಂದು ಬಿಸುಡುತ್ತಾರೆ. ಕೆಲವರು ದಿನವೂ ನೀರು ಹೊಯ್ದು ನಿಜವಾಗಿಯೇ ಸಾಯಿಸುತ್ತಾರೆ. ಈ ಲೇಖಕನು ತನ್ನ ಮೊದಲ ಗಿಡವನ್ನು ಎರಡನೆಯ ರೀತಿಯಲ್ಲಿ ಕಳೆದುಕೊಂಡನು. ಮಾರ್ಚಿಯಲ್ಲಿ ಕುಂಡವನ್ನು ಬೋರಲು ಹಾಕಿದಾಗ ಬೇರುಗಳೆಲ್ಲ ಕೊಳೆತು ಕಪ್ಪಾಗಿದ್ದುವು.

ಎಲೆ ಉದುರುವುದು ರೋಗವಲ್ಲ, ನಿದ್ರೆ. ಹಗಲು ಕಿರಿದಾಗಿ ಚಳಿ ಹೆಚ್ಚಿದಾಗ ಅಂಜೂರವು ಬೆಳವಣಿಗೆಯನ್ನು ನಿಲ್ಲಿಸಿ ವಿಶ್ರಮಿಸುತ್ತದೆ. ಸಂಶಯವಿದ್ದರೆ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬಹುದು. ಒಳಗೆ ಹಸುರಿದ್ದರೆ ಕೊಂಬೆಗೆ ಜೀವವಿದೆ. ಒಣಗಿ ಕಂದಾಗಿದ್ದರೆ ಆ ಕೊಂಬೆಯಷ್ಟೇ ಸತ್ತಿರಬಹುದು, ಗಿಡವಲ್ಲ.

ಎಲೆಯಿಲ್ಲದ ಗಿಡವು ನೀರನ್ನು ಬಹಳ ಕಡಮೆ ಹೀರುತ್ತದೆ. ಹಸಿ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಆದುದರಿಂದ ಎರಡಂಗುಲ ಆಳಕ್ಕೆ ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ಬೆಳಗಿನ ಹೊತ್ತು ಸ್ವಲ್ಪ ನೀರು ಕೊಡಬೇಕು. ನವೆಂಬರಿನಿಂದ ಗೊಬ್ಬರ ಬೇಡ. ಗೊಬ್ಬರದಿಂದ ಹೊರಡುವ ಎಳೆ ಚಿಗುರು ಚಳಿಗೆ ಮೊದಲ ಬಲಿಯಾಗುತ್ತದೆ.

ಬಲಿತ ಗಿಡವು ನಿದ್ರಿಸುತ್ತಿರುವಾಗ ದೆಹಲಿಯ ಚಳಿಯನ್ನು ತಾಳಬಲ್ಲದು. ಎಚ್ಚರಿಕೆ ಬೇಕಾದುದು ಒಂದೆರಡು ವರ್ಷದ ಎಳೆಯ ಗಿಡಗಳಿಗೆ. ನೆಲದಲ್ಲಿರುವ ಬೇರನ್ನು ಭೂಮಿಯ ಶಾಖವು ಕಾಪಾಡುತ್ತದೆ. ಕುಂಡಕ್ಕಾದರೋ ಸುತ್ತಲಿಂದಲೂ ಚಳಿ ತಗಲುತ್ತದೆ. ಕುಂಡ ಚಿಕ್ಕದಾದಷ್ಟೂ ಮಣ್ಣು ಬೇಗ ತಣಿಯುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡದಲ್ಲಿ ಕುಂಡವನ್ನಿಟ್ಟರೆ, ಹಗಲು ಬಿಸಿಲುಂಡ ಗೋಡೆಯು ರಾತ್ರಿ ಆ ಶಾಖವನ್ನು ಹಿಂದಿರುಗಿಸುತ್ತದೆ. ಕೆಳಗೆ ಇಟ್ಟಿಗೆಗಳನ್ನಿಟ್ಟು ನೀರು ಬಸಿಯುವ ತೂತು ಮುಚ್ಚದಂತೆ ನೋಡಿಕೊಳ್ಳಿರಿ. ಕುಂಡಕ್ಕೆ ಗೋಣಿತಟ್ಟನ್ನು ಎರಡು ಸುತ್ತು ಸುತ್ತಿ, ನಡುವೆ ಒಣಹುಲ್ಲನ್ನು ತುಂಬಬಹುದು. ಮಣ್ಣಿನ ಮೇಲೆ ತರಗೆಲೆ ಹರಡುವಾಗ ಕಾಂಡಕ್ಕೆ ತಾಗದಿರಲಿ.

ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಚಳಿ ಹೆಚ್ಚು. ಆಗ ಹಳೆಯ ಸೀರೆಯನ್ನೋ ಬಟ್ಟೆಯನ್ನೋ ಹೊದಿಸಿ ಬೆಳಿಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಬೇಡ. ಅದರೊಳಗೆ ತೇವ ಕಟ್ಟುತ್ತದೆ, ಹಗಲಿನ ಬಿಸಿಲಿಗೆ ಒಳಗೆ ಸೆಕೆಯಾಗಿ ಗಿಡವು ಅಕಾಲದಲ್ಲಿ ಎಚ್ಚರಗೊಳ್ಳುತ್ತದೆ. ಹೀಟರ್ ಉರಿಯುವ ಕೋಣೆಯಲ್ಲಿಡುವುದೂ ಇದೇ ಕಾರಣದಿಂದ ತಪ್ಪು. ನೀರು ಹೆಪ್ಪುಗಟ್ಟುವ ಸಿಮ್ಲಾದಂತಹ ಊರುಗಳಲ್ಲಿರುವವರು, ಎಲೆ ಉದುರಿದ ಮೇಲೆ ಕುಂಡವನ್ನು ತಣ್ಣಗಿರುವ ಮೆಟ್ಟಿಲ ಸಂದಿಯಲ್ಲಿಡುವುದು ಕ್ಷೇಮ. ನಿದ್ರಿಸುವ ಗಿಡಕ್ಕೆ ಬೆಳಕು ಅಷ್ಟಾಗಿ ಬೇಕಿಲ್ಲ.

ಕೊಂಬೆ ಸವರುವುದನ್ನು ಚಳಿಗಾಲದ ಕೊನೆಗೆ, ಕಣ್ಣುಗಳು ಉಬ್ಬುವ ಮುನ್ನ ಮಾಡಬೇಕು. ಆರೋಗ್ಯದ ದೃಷ್ಟಿಯಿಂದ ಒಂದು ಮಾತು: ಅಂಜೂರದ ಹಾಲು ಚರ್ಮಕ್ಕೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಹ ಬೊಬ್ಬೆಗಳೇಳಬಹುದು. ಕೈಚೀಲ ಧರಿಸಿರಿ; ಹಾಲು ತಾಗಿದರೆ ಕೂಡಲೇ ಸಾಬೂನಿನಿಂದ ತೊಳೆಯಿರಿ; ಕಣ್ಣಿಗೆ ತಾಗಗೊಡಬೇಡಿರಿ; ಮಕ್ಕಳನ್ನು ದೂರವಿಡಿರಿ.

ಫೆಬ್ರವರಿಯಲ್ಲಿ ಕಣ್ಣುಗಳು ಉಬ್ಬತೊಡಗಿದಾಗ ಗೋಣಿಯನ್ನು ಬಿಚ್ಚಿ, ನೀರನ್ನು ಕ್ರಮವಾಗಿ ಹೆಚ್ಚಿಸಿ, ಹಳೆಯ ಕೊಟ್ಟಿಗೆ ಗೊಬ್ಬರವನ್ನು ಕೊಡಿರಿ. ಕೊಂಬೆಗಳು ಒಣಗಿದ್ದರೂ ಬುಡದಿಂದ ಹೊಸ ಚಿಗುರು ಬರುವುದುಂಟು. ಆದುದರಿಂದ ಬರಿಯ ಕಡ್ಡಿಯನ್ನು ಕಂಡು ಕುಂಡವನ್ನು ಬರಿದುಮಾಡಲು ಅವಸರಪಡದೆ, ಯುಗಾದಿಯವರೆಗಾದರೂ ಕಾದುನೋಡಿರಿ.