ಅಲಾಯ್ ಹಗುರವೇ? ತೂಗಿ ನೋಡಿ

ಘಣಸೋಲಿಯಲ್ಲಿ, ಠಾಣೆ–ಬೇಲಾಪುರ ರಸ್ತೆಗೆ ಹತ್ತಿಕೊಂಡಿರುವ ಟೈರ್ ಅಂಗಡಿಯೊಂದರಲ್ಲಿ ಮೊನ್ನೆ ಹದಿನಾಲ್ಕು ಇಂಚಿನ ಎರಡು ವ್ಹೀಲ್‌ಗಳು ಟೈರ್ ಕಳಚಿಕೊಂಡು ಅಕ್ಕಪಕ್ಕ ಬಿದ್ದಿದ್ದವು. ಒಂದು ಕಾರಿನ ಜೊತೆಗೇ ಬಂದ ಕಪ್ಪು ಸ್ಟೀಲ್ ವ್ಹೀಲ್, ಇನ್ನೊಂದು ಅದರ ಜಾಗಕ್ಕೆ ತಂದ ಮಿರಿಮಿರಿ ಅಲಾಯ್. ಪಕ್ಕದ ಗುಜರಿಯವನ ಕೊಕ್ಕೆ ತಕ್ಕಡಿ ತರಿಸಿ ಎರಡನ್ನೂ ತೂಗಿಸಿದೆ. ಎರಡೂ ಏಳು ಕೆ.ಜಿ. ದಾಟಿದವು, ಅಲಾಯೇ ತುಸು ಹೆಚ್ಚು! ಅಂಗಡಿಯವರು ವಿಜಯಪುರದ ಕಡೆಯವರು. “ಹಗುರ ಅಂತ ಎಲ್ಲಾರೂ ಹೇಳ್ತಾರ್ರಿ, ತೂಗಿ ನೋಡಿದವ್ರು ಯಾರದಾರ?” ಅಂದರು. ಇಷ್ಟು ವರ್ಷ ಓದಿದ್ದೆಲ್ಲ ಒಂದು ಕಡೆ, ತಕ್ಕಡಿಯ ಆ ಮುಳ್ಳು ಒಂದು ಕಡೆ.

ಲೋಹದ ಲೆಕ್ಕದಲ್ಲಿ ಹೀಗಾಗಬಾರದು. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಅಲಾಯ್‌ನ ಮುಖ್ಯ ಲೋಹವಾದ ಅಲ್ಯುಮಿನಿಯಂ 2.7 ಗ್ರಾಂ. ಆದರೆ ಅಲ್ಯುಮಿನಿಯಂನ ಬಿಗಿಯೂ ಉಕ್ಕಿನ ಮೂರನೇ ಒಂದರಷ್ಟೇ. ಎರಕ ಹೊಯ್ದ ವ್ಹೀಲ್‌ಗೆ ಬಲ ಬರಬೇಕಾದರೆ ಕಡ್ಡಿಯನ್ನೂ ಅಂಚನ್ನೂ ದಪ್ಪ ಮಾಡಲೇಬೇಕು. ಸ್ಟೀಲಿನದೋ ಪ್ರೆಸ್‌ನಲ್ಲಿ ಒತ್ತಿದ ತಗಡು, ಡಿಸ್ಕನ್ನು ರಿಮ್ಮಿಗೆ ವೆಲ್ಡ್ ಮಾಡಿದ್ದು. ನಿಜವಾಗಿ ಹಗುರ ಬೇಕೆಂದರೆ ಭಾರೀ ಒತ್ತಡದಲ್ಲಿ ರೂಪಿಸಿದ ಫೋರ್ಜ್ಡ್ ವ್ಹೀಲ್ ಇದೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಅಲಾಯ್ ವ್ಹೀಲ್‌ನ ಈ ಹುಚ್ಚಿಗೆ ನೂರು ವರ್ಷ ದಾಟಿದೆ. 1924ರ ಲಿಯೋನ್ ಗ್ರಾಂಪ್ರಿ ರೇಸಿಗೆ ಕಾರು ತಯಾರಕ ಎತ್ತೋರೆ ಬುಗಾಟ್ಟಿ ಇಳಿಸಿದ ಟೈಪ್ 35 ಕಾರಿಗೆ ಎಂಟು ಚಪ್ಪಟೆ ಕಡ್ಡಿಗಳ ಎರಕದ ಅಲ್ಯುಮಿನಿಯಂ ವ್ಹೀಲ್ ಇತ್ತು. ಬ್ರೇಕ್ ಡ್ರಮ್ಮನ್ನೂ ಅದರಲ್ಲೇ ಸೇರಿಸಿ ಎರಕ ಹೊಯ್ದಿದ್ದರು. ವ್ಹೀಲ್ ಕಳಚಿದರೆ ಡ್ರಮ್ಮೂ ಜೊತೆಗೇ ಬರುತ್ತಿತ್ತು. ಬ್ರೇಕ್ ಶೂ ಬಯಲಾಗಿ, ಟೈರ್ ಬದಲಿಸುವಾಗಲೇ ಸವೆತ ಎಷ್ಟೆಂದು ಕಣ್ಣಿಗೆ ಕಾಣುತ್ತಿತ್ತು. ಎಂಥ ಜಾಣ ಯೋಚನೆ! ಆ ರೇಸಿನಲ್ಲಿ ಟೈರುಗಳು ಕೈಕೊಟ್ಟು ಗೆಲುವು ದಕ್ಕಲಿಲ್ಲ. ಆದರೂ ಆ ವ್ಹೀಲ್‌ನ ಚಿತ್ರವನ್ನು ನಾನು ಎಷ್ಟು ಹೊತ್ತಾದರೂ ನೋಡುತ್ತ ಕೂರಬಲ್ಲೆ.

ವ್ಹೀಲ್‌ನ ತೂಕಕ್ಕೆ ಇಷ್ಟು ಮಹತ್ವ ಬಂದಿದ್ದು ಅದು ಸ್ಪ್ರಿಂಗಿನ ಕೆಳಗಿರುವುದರಿಂದ. ಭಾರದ ವ್ಹೀಲ್ ಗುಂಡಿ ಹತ್ತಿಳಿದ ಮೇಲೆ ರಸ್ತೆಗೆ ಕಚ್ಚಿಕೊಳ್ಳಲು ತಡಮಾಡುತ್ತದೆ. ತೂಕ ಅಂಚಿನ ಕಡೆ ಸರಿದಷ್ಟೂ ತಿರುಗಿಸಲು ಎಂಜಿನ್ನಿಗೆ ಹೆಚ್ಚು ತ್ರಾಸ. ಹದಿನಾಲ್ಕರ ಜಾಗಕ್ಕೆ ಹದಿನಾರು ಇಂಚಿನದು ಹಾಕಿಸಿದವರಿಗೆ ಈ ಎರಡೂ ಕಾಟ ಅಂಟಿಕೊಳ್ಳಬಹುದು. ಇನ್ನು ಮಳೆಗಾಲದ ಗುಂಡಿಗೆ ಬಡಿದರೆ ಸ್ಟೀಲ್ ಡೊಂಕಾಗುತ್ತದೆ, ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡುವವರಿದ್ದಾರೆ. ಎರಕದ ಅಲಾಯ್ ಬಿರುಕು ಬಿಟ್ಟರೆ ಬದಲಿಸಬೇಕಾದೀತು. ಅಲಾಯ್ ಚೆಂದ, ಬ್ರೇಕಿನ ಕಾವನ್ನೂ ಬೇಗ ಹೀರುತ್ತದೆ. ಅದಕ್ಕಾಗಿ ದುಡ್ಡು ಕೊಡಿ. ಹಗುರವೆಂದೇ ಕೊಳ್ಳುವುದಾದರೆ ಬಿಲ್ ಮಾಡಿಸುವ ಮುಂಚೆ ಎರಡನ್ನೂ ಅಂಗಡಿಯಲ್ಲೇ ತೂಗಿಸಿ.