ಒಲೆಯೂ ಉಸಿರಾಡುತ್ತದೆ

ಉರಿಯುತ್ತಿರುವ ಮೇಣದಬತ್ತಿಯನ್ನು ಆರಿಸಲು ನೀವು ಏನು ಮಾಡುತ್ತೀರಿ? ಉಫ್ ಎಂದು ಊದುತ್ತೀರಿ. ಸೌದೆ ಒಲೆಯ ಬೆಂಕಿ ಮಂಕಾದಾಗ ಅಮ್ಮ ಏನು ಮಾಡುತ್ತಾರೆ? ಅವರೂ ಊದುಕೊಳವೆ ಹಿಡಿದು ಊದುತ್ತಾರೆ. ಒಂದು ಕಡೆ ಬೆಂಕಿ ಆರಿತು, ಇನ್ನೊಂದು ಕಡೆ ಹೊತ್ತಿಕೊಂಡಿತು. ಊದಿದ ಗಾಳಿ ಮಾತ್ರ ಒಂದೇ ಬಗೆಯದು!

ಬೆಂಕಿ ಉರಿಯಲು ಮೂರು ಬೇಕು: ಉರುವಲು, ಆಮ್ಲಜನಕ ಮತ್ತು ಸಾಕಷ್ಟು ಶಾಖ. ಮೇಣದಬತ್ತಿಯ ಜ್ವಾಲೆ ಎಂದರೆ ಉರಿಯುತ್ತಿರುವ ಮೇಣದ ಆವಿ. ಜೋರಾಗಿ ಊದಿದರೆ ಆ ಆವಿಯೂ ಅದರ ಶಾಖವೂ ಬತ್ತಿಯಿಂದ ದೂರ ಹೋಗಿಬಿಡುತ್ತವೆ. ಕೆಂಡದ ಸಂಗತಿ ಬೇರೆ. ಅದು ಗಟ್ಟಿ ವಸ್ತು, ಶಾಖವನ್ನು ಒಡಲಲ್ಲೇ ಇಟ್ಟುಕೊಂಡಿರುತ್ತದೆ. ಊದಿದಾಗ ಮೇಲೆ ಕುಳಿತ ಬೂದಿ ಹಾರಿ, ಕೆಂಡಕ್ಕೆ ಹೊಸ ಗಾಳಿ ತಗಲುತ್ತದೆ.

ನಾವು ಹೊರಬಿಡುವ ಉಸಿರಿನಲ್ಲಿ ಇರುವುದು ಕಾರ್ಬನ್ ಡೈಆಕ್ಸೈಡ್ ಅಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಸುಮಾರು ಶೇ. 4ರಷ್ಟು ಮಾತ್ರ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದ್ದರೆ, ನಾವು ಬಿಟ್ಟ ಉಸಿರಿನಲ್ಲೂ ಶೇ. 16ರಷ್ಟು ಉಳಿದಿರುತ್ತದೆ. ಜೊತೆಗೆ ಊದಿದ ಗಾಳಿ ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ.

ಒಂದು ಕಿಲೋಗ್ರಾಂ ಒಣ ಸೌದೆ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು ಗೊತ್ತೇ? ಕಡಿಮೆ ಎಂದರೂ ಸುಮಾರು 5 ಘನ ಮೀಟರ್. ಅಂದರೆ 10 ಲೀಟರ್ ಹಿಡಿಯುವ ಬಕೆಟ್‌ಗಳಲ್ಲಿ ತುಂಬಿದರೆ 500 ಬಕೆಟ್ ಗಾಳಿ! ಅಷ್ಟನ್ನೂ ಊದಿ ಕೊಡಲು ಯಾರಿಂದಲೂ ಆಗದು. ಒಲೆಯೇ ಅದನ್ನು ಎಳೆದುಕೊಳ್ಳುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ.

ಇದನ್ನು ನಿಮ್ಮ ಶಿಕ್ಷಕರ ಜೊತೆ ಮಾಡಿ ನೋಡಿ. ಮೇಜಿನ ಮೇಲೆ ಮೇಣದಬತ್ತಿ ಹೊತ್ತಿಸಿ ಲಾಟೀನಿನ ಗಾಜನ್ನು ಅದರ ಸುತ್ತ ಇಡಿ. ಗಾಜು ಮೇಜಿಗೆ ಅಂಟಿಕೊಂಡಂತೆ ಕುಳಿತರೆ ಜ್ವಾಲೆ ಸೊರಗುತ್ತದೆ. ಗಾಜಿನ ಕೆಳಗೆ ಎರಡು ಸೀಮೆಸುಣ್ಣದ ತುಂಡು ಇಟ್ಟು ಎತ್ತರಿಸಿದರೆ ಜ್ವಾಲೆ ನೆಟ್ಟಗೆ ನಿಲ್ಲುತ್ತದೆ. ಈಗ ಗಾಜಿನ ಮೇಲಿನ ಬಾಯಿಗೆ ಒಂದು ಲೋಹದ ತಟ್ಟೆ ಮುಚ್ಚಿ. ಕೆಳಗೆ ದಾರಿ ಇದ್ದರೂ ಬೆಂಕಿ ಆರುತ್ತದೆ. ಗಾಳಿ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಇರಲೇಬೇಕು. (ಗಾಜು ಬೇಗ ಕಾಯುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.) ಒಲೆಯ ಬಾಯಿ ಮತ್ತು ಹೊಗೆ ಕೊಳವೆ ಮಾಡುವ ಕೆಲಸ ಇದೇ. ಕೊಳವೆ ಎತ್ತರವಾಗಿದ್ದು, ಒಳಗಿನ ಗಾಳಿ ಬಿಸಿಯಾಗಿದ್ದಷ್ಟೂ ಎಳೆತ ಹೆಚ್ಚು.

ಹಾಗಾದರೆ ಉರಿ ಸಣ್ಣ ಮಾಡಬೇಕಾದಾಗ ಒಲೆಯ ಬಾಯಿ ಮುಚ್ಚಿದರೆ ಆಯಿತಲ್ಲ? ಇಲ್ಲೇ ಒಂದು ತೊಡಕಿದೆ. ಗ್ಯಾಸ್ ಒಲೆಯ ತಿರುಪು ತಿರುಗಿಸಿದರೆ ಅನಿಲ ಬರುವುದೇ ಕಡಿಮೆಯಾಗುತ್ತದೆ. ಸೌದೆ ಒಲೆಗೆ ಅಂಥ ತಿರುಪಿಲ್ಲ. ಒಣ ಸೌದೆ ಕಾದಾಗ ಅದರ ತೂಕದ ಮುಕ್ಕಾಲು ಪಾಲಿನಷ್ಟು ಅನಿಲವಾಗಿ, ಆವಿಯಾಗಿ ಹೊರಬರುತ್ತದೆ. ನಾವು ನೋಡುವ ಜ್ವಾಲೆ ಈ ಅನಿಲಗಳದ್ದು, ಉಳಿದದ್ದು ಕೆಂಡವಾಗಿ ಉರಿಯುತ್ತದೆ. ಬಾಯಿ ಮುಚ್ಚಿದರೂ ಕಾದ ಸೌದೆಯಿಂದ ಅನಿಲ ಬರುತ್ತಲೇ ಇರುತ್ತದೆ, ಆದರೆ ಉರಿಯಲು ಆಮ್ಲಜನಕ ಸಾಲದು. ಉರಿಯದ ಆ ಆವಿ, ಮಸಿ ಎಲ್ಲ ಸೇರಿ ದಟ್ಟ ಹೊಗೆಯಾಗುತ್ತದೆ. ಹೊಗೆ ಎಂದರೆ ಉರಿಯದೆ ಹೋದ ಸೌದೆ!

ಉರಿ ಹೆಚ್ಚಾದಾಗ ಅಜ್ಜಿ ಕೊಳ್ಳಿಯನ್ನು ಹಿಂದಕ್ಕೆ ಎಳೆಯುವುದನ್ನು ನೋಡಿದ್ದೀರಲ್ಲ? ಬಾಯಿ ಮುಚ್ಚುವುದಕ್ಕಿಂತ ಅದೇ ಒಳ್ಳೆಯ ಉಪಾಯ. ಕಾಯುವ ಸೌದೆ ಕಡಿಮೆಯಾದರೆ ಹೊರಬರುವ ಅನಿಲವೂ ಕಡಿಮೆ. ದಪ್ಪ ಕೊರಡಿಗಿಂತ ಸೀಳಿದ ಒಣ ಸೌದೆಯನ್ನು ಸ್ವಲ್ಪ ಸ್ವಲ್ಪವೇ ಹಾಕುವುದೂ ಇದಕ್ಕೇ.

ಗಾಳಿ ಹೆಚ್ಚಾದರೂ ನಷ್ಟವೇ. ಮೂರು ಕಲ್ಲಿನ ಒಲೆಗೆ ಎಲ್ಲ ಕಡೆಯಿಂದಲೂ ಗಾಳಿ ನುಗ್ಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಂದ ಗಾಳಿ ತಾನೂ ಬಿಸಿಯಾಗಿ, ಪಾತ್ರೆಗೆ ಸೇರಬೇಕಾದ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಅನ್ನ ಬೇಯಲು ಇನ್ನಷ್ಟು ಸೌದೆ ಬೇಕು, ಅದನ್ನು ತಲೆಯ ಮೇಲೆ ಹೊತ್ತು ತರುವವರು ಸಾಮಾನ್ಯವಾಗಿ ಮನೆಯ ಹೆಂಗಸರೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ಅಲ್ಲಿನ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಕರ್ನಾಟಕದ ಅನೇಕ ಹಳ್ಳಿಗಳ ಅಡುಗೆಮನೆ ಸೇರಿತು. ಇದರಲ್ಲಿ ಬೆಂಕಿಯ ಗೂಡಿನ ಸುತ್ತ ಗೋಡೆ ಇರುತ್ತದೆ. ಸೌದೆ ಜಾಲರಿಯ ಮೇಲೆ ಉರಿಯುತ್ತದೆ, ಬೂದಿ ಕೆಳಗೆ ಉದುರುತ್ತದೆ, ಗಾಳಿ ಕೆಳಗಿನಿಂದ ಬಂದು ಕೆಂಡವನ್ನು ತಾಗುತ್ತದೆ. ಬಿಸಿ ಅನಿಲ ಒಂದಾದ ಮೇಲೊಂದು ಪಾತ್ರೆಯನ್ನು ಕಾಯಿಸಿ, ಹೊಗೆ ಕೊಳವೆಯಿಂದ ಮನೆಯ ಹೊರಗೆ ಹೋಗುತ್ತದೆ.

ಅಡುಗೆಮನೆಯ ಹೊಗೆ ಕಣ್ಣು ಉರಿಸಿ ಸುಮ್ಮನಾಗುವುದಿಲ್ಲ. ಇಂಥ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಗಾಳಿ ಸಾಲದ ಬೆಂಕಿಯಿಂದ ಬರುವ ಕಾರ್ಬನ್ ಮೋನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದಕ್ಕೇ ಚಳಿ ಎಂದು ಇದ್ದಿಲ ಅಗ್ಗಿಷ್ಟಿಕೆಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗಲೇಬಾರದು. ಹೊಗೆ ಕಾಣದಿದ್ದರೂ ಜೀವಕ್ಕೆ ಅಪಾಯ.

ಈಗ ಬಹಳ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದಿದೆ. ಆದರೂ ಹಳ್ಳಿಗಳಲ್ಲಿ ಸ್ನಾನದ ನೀರು ಕಾಯಿಸಲು ಬಚ್ಚಲೊಲೆಗೆ ಸೌದೆ ಹಾಕುವುದು ನಿಂತಿಲ್ಲ. ನಿಮ್ಮ ಮನೆಯಲ್ಲೂ ಇದ್ದರೆ ನಾಳೆ ಬೆಳಿಗ್ಗೆ ಹೊರಗೆ ನಿಂತು ಅದರ ಹೊಗೆ ನೋಡಿ. ಹೊತ್ತಿಸುವಾಗ ಹೊಗೆ ದಟ್ಟವಾಗಿರುತ್ತದೆ. ಬೆಂಕಿ ಚೆನ್ನಾಗಿ ಹಿಡಿದ ಮೇಲೂ ಹಾಗೆಯೇ ಬರುತ್ತಿದ್ದರೆ ಸೌದೆ ಹಸಿಯೇ, ಬೂದಿ ತುಂಬಿದೆಯೇ, ಕೊಳವೆಯಲ್ಲಿ ಮಸಿ ಕಟ್ಟಿದೆಯೇ ಎಂದು ದೊಡ್ಡವರಿಗೆ ನೋಡಲು ಹೇಳಿ.