ಹಳೇ ವಿಮಾನ ಎಂಜಿನ್ ಪುಸ್ತಕ ಬೇಕಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಆರ್ಫಿಯಸ್ ಎಂಜಿನ್ ನಮ್ಮ ನ್ಯಾಟ್, ಮಾರುತ್ ಯುದ್ಧವಿಮಾನಗಳನ್ನು ಹಾರಿಸಿತು. ಇಂಥ ಎಂಜಿನ್‌ಗಳ ಇತಿಹಾಸ ಹೇಳುವ ಪುಸ್ತಕಗಳಿವೆ. ಆದರೆ ಪೇಟೆಯ ಅಂಗಡಿಯಲ್ಲಿ ಸಿಗಲ್ಲ. ಅಚ್ಚಾಗೋದೇ ಕಡಿಮೆ ಪ್ರತಿ. ಅವು ಖಾಲಿಯಾದರೆ ಸೆಕೆಂಡ್ ಹ್ಯಾಂಡ್ ಪ್ರತಿಯೇ ಗತಿ.

ಯಾವುದು ಕೊಳ್ಳಬೇಕು?

ಮೊದಲ ಸಲ ಓದುವವರಿಗೆ ಸ್ಟ್ಯಾನ್ಲಿ ಹೂಕರ್ ಆತ್ಮಕಥೆ ‘ನಾಟ್ ಮಚ್ ಆಫ್ ಆ್ಯನ್ ಎಂಜಿನಿಯರ್’ ಸಾಕು. 1984ರಲ್ಲಿ ಬಂದ ಪುಸ್ತಕ. ಎರಡನೇ ಮಹಾಯುದ್ಧದ ಮರ್ಲಿನ್ ಎಂಜಿನ್‌ನ ಬಲ ಹೆಚ್ಚಿಸಿದವರು, ಮುಂದೆ ಬ್ರಿಸ್ಟಲ್ ಕಂಪನಿಯಲ್ಲಿ ಆರ್ಫಿಯಸ್ ರೂಪಿಸಿದವರು ಇವರೇ. ಎಲ್ಲ ಎಂಜಿನ್‌ಗಳ ಮಾಹಿತಿ ಒಂದೇ ಕಡೆ ಬೇಕಿದ್ದರೆ ಬಿಲ್ ಗನ್‌ಸ್ಟನ್ ಅವರ ಏರೋ ಎಂಜಿನ್ ವಿಶ್ವಕೋಶ. ಒಂದೊಂದೇ ಎಂಜಿನ್ ಬಗ್ಗೆ ಆಳವಾಗಿ ತಿಳಿಯಲು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಹೆರಿಟೇಜ್ ಟ್ರಸ್ಟ್ ಪುಸ್ತಕಗಳು.

ಎಡವೋದು ಎಲ್ಲಿ?

* ಆವೃತ್ತಿ: ಗನ್‌ಸ್ಟನ್ ವಿಶ್ವಕೋಶ 1986ರಲ್ಲಿ ಬಂದು, ಹಲವು ಸಲ ಪರಿಷ್ಕರಣೆಯಾಗಿದೆ. ಹೊಸದೆಂದುಕೊಂಡು ಹಳೇದಕ್ಕೆ ದುಡ್ಡು ಸುರಿಯಬೇಡಿ. ಮುದ್ರಣ ವಿವರ ಇರುವ ಪುಟದ ಫೋಟೋ ಕೇಳಿ.
* ಐಎಸ್‌ಬಿಎನ್: 2007ರಿಂದ 13 ಅಂಕಿ. 10 ಅಂಕಿ ಮಾತ್ರ ಇದ್ದರೆ ಅದಕ್ಕಿಂತ ಹಿಂದಿನ ಪ್ರತಿ.
* ಮರುಮುದ್ರಣ: ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಚಿತ್ರಗಳು ಮಸುಕಾಗಿರಬಹುದು. ಒಳಪುಟ ನೋಡದೆ ಕೊಳ್ಳಬೇಡಿ.
* ಖರ್ಚು: ಹೊರದೇಶದಿಂದ ತರಿಸಿದರೆ ಪುಸ್ತಕದ ತೂಕಕ್ಕೆ ತಕ್ಕ ಸಾಗಣೆ ವೆಚ್ಚ ಬೀಳುತ್ತೆ. 2019ರ ಬಜೆಟ್‌ನಲ್ಲಿ ಆಮದು ಪುಸ್ತಕಕ್ಕೆ ಶೇ 5 ಸುಂಕವೂ ಬಂತು. ಒಟ್ಟು ಎಷ್ಟಾಗುತ್ತೆಂದು ಮೊದಲೇ ಲೆಕ್ಕ ಹಾಕಿ.

ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂನಲ್ಲಿ ಎಂಜಿನ್‌ಗಳನ್ನು ಕಣ್ಣಾರೆ ನೋಡಿ ಬನ್ನಿ. ಯಾವುದರ ಪುಸ್ತಕ ಬೇಕು ಅನ್ನೋದು ಆಗ ಸಲೀಸಾಗಿ ತೀರ್ಮಾನವಾಗುತ್ತೆ.